ತಿಂಗಳ ನೋವು ಮತ್ತು ನಮ್ಮ ಅಡುಗೆಮನೆ



ಕಳೆದ ಸಭೆ ಮುಗಿದ ಮೇಲೆ ನಿಮ್ಮಲ್ಲೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಸಿಸ್ಟರ್, ಡಾಕ್ಟ್ರು ಎಂಡೊಮೆಟ್ರಿಯೋಸಿಸ್ ಅಂದ್ರು. ಇನ್ನು ನಾನು ಏನು ತಿನ್ಬೇಕು, ಏನು ಬಿಡ್ಬೇಕು?" ಉತ್ತರವನ್ನು ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಇರುತ್ತದೆ.

ಗರ್ಭಕೋಶದ ಒಳಪದರದಂಥದೇ ಪೊರೆ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುತ್ತದೆ. ಅಲ್ಲಿ ಉರಿಯೂತವಾಗಿ ಮುಟ್ಟಿನ ದಿನಗಳಲ್ಲಿ ತಡೆಯಲಾರದ ನೋವು, ಹೊಟ್ಟೆ ಉಬ್ಬರ, ಗಂಡನ ಜೊತೆ ಸೇರುವಾಗಲೂ ನೋವು. ಕೆಲವರಿಗೆ ಗರ್ಭ ನಿಲ್ಲುವುದೂ ಕಷ್ಟ.

ಹಿಂದೆ ಬೀಡಿ ಕಟ್ಟುವ ಒಬ್ಬ ಹುಡುಗಿ ತಿಂಗಳಿಗೆ ಮೂರು ದಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. "ಎಲ್ರಿಗೂ ಇರುತ್ತೆ ಮಗಾ, ತಡ್ಕೋ" ಎಂದು ಕಳಿಸಿದವಳು ನಾನೇ. ಎಂ.ಎಸ್.ಡಬ್ಲ್ಯು. ಓದಿದ್ದು ಆವತ್ತು ಉಪಯೋಗಕ್ಕೆ ಬರಲಿಲ್ಲ. ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಅಷ್ಟರಲ್ಲಿ ಯಾರೋ ಹೇಳಿದರೆಂದು ಮೀನು, ಮೊಟ್ಟೆ, ಹಾಲು ಎಲ್ಲಾ ಬಿಟ್ಟು ರಕ್ತಹೀನತೆ ಬೇರೆ ತಂದುಕೊಂಡಿದ್ದಳು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಊಟದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಕೆಲವರಿಗೆ ತೊಂದರೆ ಕಡಿಮೆಯಾಗುತ್ತದೆ, ಅಷ್ಟೇ. ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಬೂತಾಯಿ, ಬಂಗುಡೆಯಲ್ಲಿ ಉರಿಯೂತ ತಗ್ಗಿಸಲು ನೆರವಾಗುವ ಒಮೆಗಾ-3 ಇದೆ. ಹುರಿಯುವುದಕ್ಕಿಂತ ಪುಳಿಮುಂಚಿ ಮಾಡಿ. ಮೀನು ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ. ಡಾಲ್ಡಾದಲ್ಲಿ ಮಾಡಿದ ಬೇಕರಿ ತಿಂಡಿ ಕಡಿಮೆ ಮಾಡಿ. ರಕ್ತಸ್ರಾವ ಹೆಚ್ಚಿದ್ದರೆ ಹುರುಳಿ, ಹರಿವೆ ಸೊಪ್ಪಿಗೆ ನಿಂಬೆ ಹಿಂಡಿ ತಿನ್ನಿ. ಊಟದ ಜೊತೆಗೇ ಚಹಾ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. (ಇದು ನಮಗೆಲ್ಲರಿಗೂ ಕಷ್ಟ, ನನಗೂ!)

ಹೊಟ್ಟೆ ಉಬ್ಬರವೇ ದೊಡ್ಡ ಕಾಟವಾದವರಿಗೆ ಇನ್ನೊಂದು ದಾರಿ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯ ಹೆಂಗಸರಿಗೆ 28 ದಿನ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಂಥ ವಾಯು ಮಾಡುವ ಪದಾರ್ಥ ಕಡಿಮೆ ಮಾಡಿ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಟ್ಟೆಯ ತೊಂದರೆ ಇಳಿಯಿತು. ಚಿಕ್ಕ ಅಧ್ಯಯನ, ಬರೀ 35 ಜನ. ನಮ್ಮ ಕುಚ್ಚಲಕ್ಕಿ ಗಂಜಿಗೆ ಇದರಲ್ಲಿ ಅಡ್ಡಿಯಿಲ್ಲ. ಆದರೆ ಬಿಟ್ಟದ್ದನ್ನು ಶಾಶ್ವತವಾಗಿ ಬಿಡಬಾರದು. ನಾಲ್ಕು ವಾರದ ನಂತರ ಒಂದೊಂದಾಗಿ ಮತ್ತೆ ತಿಂದು ನೋಡಬೇಕು. ಇದನ್ನು ಆಹಾರತಜ್ಞರನ್ನು ಕೇಳಿಯೇ ಮಾಡಿ.

ಉಳಿತಾಯದ ಲೆಕ್ಕ ಬರೆಯುವ ಹಾಗೆ ನೋವಿನ ಲೆಕ್ಕವನ್ನೂ ಬರೆಯಿರಿ: ತಾರೀಕು, ತಿಂದದ್ದು, ನೋವು ಎಷ್ಟು, ಕೆಲಸ ತಪ್ಪಿತಾ. ಮೂರು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಡಾಕ್ಟ್ರ ಎದುರು ಮಾತು ತಡವರಿಸುವುದಿಲ್ಲ. ಒಬ್ಬರೇ ಹೋಗಲು ನಾಚಿಕೆಯಾದರೆ ನನಗೆ ಹೇಳಿ, ಜೊತೆಗೆ ಬರುತ್ತೇನೆ.