ಮಳೆಗಾಲದ ಜ್ವರ, ಕ್ಷಯದ ವೇಷ



ಸಂಚಾಲಕರು ನನಗೆ ಕೊಟ್ಟ ವಿಷಯ ಜಟಿಲ ಕಾಯಿಲೆಗಳ ಪತ್ತೆ ಮತ್ತು ಚಿಕಿತ್ಸೆ. ವಿಷಯ ಇಷ್ಟು ವಿಶಾಲವಾದರೆ ಭಾಷಣಕಾರ ತಪ್ಪಿಸಿಕೊಳ್ಳುವುದು ಸುಲಭ. ಎಲ್ಲದರ ಬಗ್ಗೆಯೂ ಒಂದೊಂದು ಮಾತಾಡಿ ವೇದಿಕೆ ಇಳಿದುಬಿಡಬಹುದು. ನಾನು ಇವತ್ತಿನ ಇಡೀ ಹೊತ್ತನ್ನು ಒಂದೇ ಕಾಯಿಲೆಗೆ ಕೊಡುತ್ತೇನೆ. ಅದರ ಹೆಸರು ಮೆಲಿಯಾಯ್ಡೋಸಿಸ್. ನಿಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅದನ್ನು ತರುವ ಬ್ಯಾಕ್ಟೀರಿಯಾ ನಮ್ಮ ಕರಾವಳಿಯ ಮಣ್ಣಿನಲ್ಲೇ ಇದೆ, ಮಳೆಗಾಲದಲ್ಲಿ ಗದ್ದೆಗೆ ಇಳಿದವರ ಕಾಲಿಗೆ ಹತ್ತುವ ಕೆಸರಿನಲ್ಲೇ ಇದೆ.

ಮೊದಲು ಒಬ್ಬ ರೋಗಿಯ ವಿಚಾರ. ಯಾರ ಗುರುತೂ ಸಿಗಬಾರದೆಂದು ಹಲವರ ವಿವರಗಳನ್ನು ಕೂಡಿಸಿ ಹೇಳುತ್ತಿದ್ದೇನೆ. ಐವತ್ತು ದಾಟಿದ ಕೃಷಿಕರು. ಶುಗರ್ ಇದೆ, ಮಾತ್ರೆಯನ್ನು ನೆನಪಾದಾಗ ನುಂಗುತ್ತಾರೆ. ಜುಲೈಯಲ್ಲಿ ಜ್ವರ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಮೂರು ದಿನದ ಮಾತ್ರೆ. ಸ್ವಲ್ಪ ಇಳಿಯಿತು, ಮತ್ತೆ ಏರಿತು. ಡೆಂಗಿ, ಮಲೇರಿಯಾ, ಇಲಿಜ್ವರ ಮೂರಕ್ಕೂ ರಕ್ತ ನೋಡಿದರು, ಮೂರೂ ಇಲ್ಲ. ಎದೆಯ ಎಕ್ಸ್‌ರೇ ತೆಗೆಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಬ್ಬು. ತೂಕ ಇಳಿದಿದೆ, ರಾತ್ರಿ ಮೈ ಬೆವರುತ್ತದೆ. ಕಫದಲ್ಲಿ ಟಿಬಿ ಸಿಗಲಿಲ್ಲ. ಆದರೂ ಲಕ್ಷಣವೆಲ್ಲ ಅದರದ್ದೇ ಎಂದು ಟಿಬಿ ಮಾತ್ರೆ ಶುರುವಾಯಿತು. ತಿಂಗಳಾದರೂ ಜ್ವರ ಹೋಗಲಿಲ್ಲ. ಕೊನೆಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದಾಗ ಲಿವರಿನಲ್ಲಿ, ಗುಲ್ಮದಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಕೀವಿನ ಗೂಡುಗಳು ಕಂಡವು.

ಈ ಕಥೆಯಲ್ಲಿ ಯಾರೂ ದಡ್ಡರಿಲ್ಲ. ಟಿಬಿ ಇಷ್ಟು ಹರಡಿರುವ ನಾಡಿನಲ್ಲಿ ತೂಕ ಇಳಿದು ರಾತ್ರಿ ಬೆವರುವ ಮನುಷ್ಯನನ್ನು ನೋಡಿದಾಗ ಟಿಬಿ ನೆನಪಾಗದಿದ್ದರೆ ಆ ವೈದ್ಯರ ಓದು ವ್ಯರ್ಥ. ತೊಡಕು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕಫದಲ್ಲಿ ಟಿಬಿ ಸಿಗಲಿಲ್ಲ, ಮಾತ್ರೆಗೂ ಜ್ವರ ಜಗ್ಗಲಿಲ್ಲ. ಆಗ ನಮ್ಮ ಮನಸ್ಸು ‘ಇದು ಔಷಧಕ್ಕೆ ಬಗ್ಗದ ಟಿಬಿ ಇರಬೇಕು’ ಎಂದು ಬೇಗ ಒಪ್ಪುತ್ತದೆ. ‘ಇದು ಟಿಬಿಯೇ ಅಲ್ಲವೇನೋ’ ಎಂದು ಕೇಳಿಕೊಳ್ಳಲು ತಡಮಾಡುತ್ತದೆ. ಚೀಟಿಯಲ್ಲಿ ಒಮ್ಮೆ ಬರೆದ ರೋಗದ ಹೆಸರು ರೋಗಿಯ ಜೊತೆಗೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುತ್ತದೆ, ಹೋದಲ್ಲೆಲ್ಲ ಅದರ ಮರ್ಯಾದೆ ಹೆಚ್ಚುತ್ತದೆ. ಮೂರನೇ ಆಸ್ಪತ್ರೆಯ ವೈದ್ಯರಿಗೆ ಅದು ಊಹೆ ಎಂದು ತೋರುವುದೇ ಇಲ್ಲ.

ಕಾಯಿಲೆ ಹೊಸದೇನಲ್ಲ. 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಎಂಬ ಬ್ರಿಟಿಷ್ ವೈದ್ಯರೂ ಅವರ ಸಹಾಯಕರಾದ ಸಿ. ಎಸ್. ಕೃಷ್ಣಸ್ವಾಮಿಯವರೂ ಶವಪರೀಕ್ಷೆ ಮಾಡುವಾಗ ಇದನ್ನು ಗುರುತಿಸಿದರು. ಸತ್ತವರಲ್ಲಿ ಅನೇಕರು ಮಾರ್ಫಿನ್ ಚುಚ್ಚಿಕೊಳ್ಳುತ್ತಿದ್ದ ದಿಕ್ಕಿಲ್ಲದ ಬಡವರು. ಅವರ ಶ್ವಾಸಕೋಶ ಗಿಣ್ಣಿನ ಹಾಗೆ ಗಟ್ಟಿಯಾಗಿತ್ತು, ಲಿವರ್, ಗುಲ್ಮಗಳಲ್ಲಿ ಕೀವು ತುಂಬಿತ್ತು. ಮೇಲುನೋಟಕ್ಕೆ ಅದು ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್. ಆದರೆ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಡಿ ಚಲಿಸುತ್ತಿತ್ತು, ಗ್ಲ್ಯಾಂಡರ್ಸ್‌ನದು ಚಲಿಸುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡು ಅವರು ಇದು ಬೇರೆಯೇ ಕಾಯಿಲೆ ಎಂದರು. 1912ರ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಮುಂದೆ ಬಹುಕಾಲ ಕಾಯಿಲೆಗೆ ವಿಟ್ಮೋರ್ ರೋಗವೆಂಬ ಹೆಸರೇ ನಡೆಯಿತು. ಕೃಷ್ಣಸ್ವಾಮಿಯವರನ್ನು ಯಾರೂ ನೆನೆಯಲಿಲ್ಲ. ಅದರ ಬಗ್ಗೆ ಬೇರೆಯೇ ಉಪನ್ಯಾಸ ಆಗಬೇಕು, ಇತಿಹಾಸದವರು ಮಾಡಲಿ.

ಬರ್ಖೋಲ್ಡೇರಿಯಾ ಸೂಡೋಮ್ಯಾಲಿಯೈ ಎಂಬ ಈ ಜೀವಿ ಉಷ್ಣವಲಯದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ತನ್ನ ಪಾಡಿಗೆ ಬದುಕುತ್ತದೆ. ಕಾಲಿನ ಬಿರುಕು, ತರಚು ಗಾಯಗಳ ಮೂಲಕ ಒಳಗೆ ಬರುತ್ತದೆ. ಜೋರು ಗಾಳಿಮಳೆಯ ದಿನಗಳಲ್ಲಿ ಉಸಿರಿನ ಜೊತೆಗೂ ಬರಬಹುದು, ಶುದ್ಧವಲ್ಲದ ನೀರು ಕುಡಿದರೂ ಬರಬಹುದು. ಸಾಮಾನ್ಯವಾಗಿ ಮೂರು ವಾರದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಪರೂಪಕ್ಕೆ ಒಳಗೇ ಅಡಗಿ ಕೂರುವುದೂ ಉಂಟು. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಲ್ಲಿ ಸೆರೆಯಾಗಿದ್ದ ಅಮೆರಿಕದ ಸೈನಿಕರೊಬ್ಬರಿಗೆ ಅದು ಕಾಣಿಸಿಕೊಂಡದ್ದು 62 ವರ್ಷಗಳ ನಂತರ.

ಗಟ್ಟಿಮುಟ್ಟಾದ ದೇಹಕ್ಕೆ ಈ ಜೀವಿಯಿಂದ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದು ಹುಡುಕುವುದು ಶುಗರ್ ಇರುವವರನ್ನು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹಿಗಳು. ಆಮೇಲೆ ಅತಿಯಾಗಿ ಕುಡಿಯುವವರು, ಕಿಡ್ನಿ ತೊಂದರೆಯವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು. ನಮ್ಮಲ್ಲಿ ಮಳೆ ಮೊದಲೂ ಇತ್ತು, ಗದ್ದೆಯ ಕೆಸರು ಮೊದಲೂ ಇತ್ತು. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ನೇಜಿ ನೆಡುವವರಲ್ಲಿ ಇಷ್ಟು ಮಂದಿಗೆ ಶುಗರ್ ಇರಲಿಲ್ಲ. ಹಳೆಯ ಮಣ್ಣೂ ಹೊಸ ಕಾಯಿಲೆಯೂ ಒಂದೇ ದೇಹದಲ್ಲಿ ಸೇರಿದ್ದರಿಂದ ಈಗ ಇದು ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳುತ್ತಿದೆ ಎಂಬುದು ನನ್ನ ಅನಿಸಿಕೆ.

ಜಗತ್ತಿನಲ್ಲಿ ಎಷ್ಟು? 2016ರಲ್ಲಿ ‘ನೇಚರ್ ಮೈಕ್ರೋಬಯಾಲಜಿ’ಯಲ್ಲಿ ಬಂದ ಅಂದಾಜಿನ ಪ್ರಕಾರ ವರ್ಷಕ್ಕೆ 1,65,000 ಮಂದಿಗೆ ಕಾಯಿಲೆ, 89,000 ಸಾವು. ಇದು ಎಣಿಸಿ ತೆಗೆದ ಲೆಕ್ಕ ಅಲ್ಲ; ಮಣ್ಣು, ಮಳೆ, ಜನಸಂಖ್ಯೆ ನೋಡಿ ಮಾಡಿದ ಅಂದಾಜು. ಅದರ ಬಹುದೊಡ್ಡ ಪಾಲು ದಕ್ಷಿಣ ಏಷ್ಯಾದ್ದು, ಆದರೆ ಇಲ್ಲಿ ಈ ಹೆಸರಿನಲ್ಲಿ ಪತ್ತೆಯಾಗುವವರು ಕೆಲವರೇ. ಅಂದರೆ ನಮ್ಮ ನಡುವೆ ಇರುವ ರೋಗಿಗಳಲ್ಲಿ ಹೆಚ್ಚಿನವರು ಬೇರೆ ಯಾವುದೋ ಹೆಸರಿನಡಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಮಣಿಪಾಲ, ಮಂಗಳೂರುಗಳ ವೈದ್ಯಕೀಯ ಕಾಲೇಜುಗಳಿಂದ ಇದರ ಬಗ್ಗೆ ವರ್ಷಗಳಿಂದ ವರದಿಗಳು ಬರುತ್ತಿವೆ. ಕರಾವಳಿಯಲ್ಲೇ ಕಾಯಿಲೆ ಹೆಚ್ಚು ಎಂದು ಅದನ್ನು ಓದಬೇಡಿ. ಇಲ್ಲಿ ಹುಡುಕುವವರಿದ್ದಾರೆ, ಅದರಿಂದ ಸಿಗುತ್ತಿದೆ.

ಈಗ ಪತ್ತೆಯ ವಿಚಾರ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಇದನ್ನು ಹಿಡಿಯಲು ಕೋಟಿ ರೂಪಾಯಿಯ ಯಂತ್ರ ಬೇಡ. ರಕ್ತವನ್ನೋ ಕೀವನ್ನೋ ಕಫವನ್ನೋ ಮೂತ್ರವನ್ನೋ ಕಲ್ಚರಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸಬೇಕು. ನೂರು ವರ್ಷದಷ್ಟು ಹಳೆಯ ವಿದ್ಯೆ. ಹಾಗಾದರೆ ತಪ್ಪಿಹೋಗುವುದು ಎಲ್ಲಿ?

ಒಂದು, ಕಲ್ಚರಿಗೆ ಕಳಿಸುವುದೇ ಇಲ್ಲ. ಕಳಿಸುವ ಹೊತ್ತಿಗೆ ಎರಡು ಮೂರು ಬಗೆಯ ಆಂಟಿಬಯಾಟಿಕ್ ದೇಹಕ್ಕೆ ಹೋಗಿರುತ್ತದೆ. ಇನ್ನೊಂದು, ಕಳಿಸಿದರೂ ಒಂದೇ ಸಲ ಕಳಿಸುತ್ತೇವೆ. ಈ ಕಾಯಿಲೆ ನಿಜವಾಗಿಯೂ ಇರುವ ನೂರು ಮಂದಿಯಲ್ಲಿ ಕಲ್ಚರ್ ಹಿಡಿಯುವುದು ಸುಮಾರು 60 ಮಂದಿಯನ್ನು ಮಾತ್ರ. ಆದ್ದರಿಂದ ಹಲವು ಕಡೆಯಿಂದ, ಹಲವು ಸಲ ಮಾದರಿ ತೆಗೆಯಬೇಕು, ಗಂಟಲಿನಿಂದ ಸಹ. ಮೂರನೆಯದು ಲ್ಯಾಬಿನೊಳಗೆ ನಡೆಯುವ ಸಂಗತಿ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಮೊದಲ ದಿನ ತಟ್ಟೆಯಲ್ಲಿ ಕಾಣುವ ಸಣ್ಣ ಚುಕ್ಕೆಗಳು ಆಸ್ಪತ್ರೆಗಳಲ್ಲಿ ದಿನವೂ ಸಿಗುವ ಸೂಡೋಮೊನಾಸ್ ಜಾತಿಯಂತೆ ತೋರುತ್ತವೆ. ಗಂಟಲಿನ ಮಾದರಿಯಲ್ಲಾದರೆ ಬಾಯಿಯ ಬೇರೆ ಬ್ಯಾಕ್ಟೀರಿಯಾಗಳ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ. ತಾನಾಗಿ ಹೆಸರು ಹೇಳುವ ಯಂತ್ರವೂ ಕೆಲವೊಮ್ಮೆ ಇದನ್ನು ಅದರ ದಾಯಾದಿ ಬರ್ಖೋಲ್ಡೇರಿಯಾ ಸಿಪೇಸಿಯಾ ಎಂದು ಹೇಳಿಬಿಡುತ್ತದೆ. ಕೆಲಸದ ಒತ್ತಡದಲ್ಲಿ ‘ಹೊರಗಿನಿಂದ ಸೇರಿದ್ದು’ ಎಂದು ಷರಾ ಬಿದ್ದರೆ ಅಲ್ಲಿಗೆ ಮುಗಿಯಿತು.

ಆದರೆ ಅದೇ ತಟ್ಟೆಯಲ್ಲಿ ಸುಳಿವೂ ಇದೆ. ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಧಾರಣ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುವ ಬ್ಯಾಕ್ಟೀರಿಯಾ ಕಂಡರೆ ತಂತ್ರಜ್ಞರು ಕುರ್ಚಿಯಿಂದ ಏಳಬೇಕು. ಮೂರು ಚಿಕ್ಕ ಔಷಧದ ಬಿಲ್ಲೆಗಳನ್ನು ತಟ್ಟೆಯ ಮೇಲಿಟ್ಟು ನೋಡುವ ಈ ಪರೀಕ್ಷೆಗೆ ಹೆಚ್ಚಿನ ಖರ್ಚಿಲ್ಲ. ಇನ್ನು 1979ರಲ್ಲಿ ಆಸ್ಟ್ರೇಲಿಯಾದ ಆ್ಯಶ್‌ಡೌನ್ ಎಂಬವರು ಇದಕ್ಕೆಂದೇ ಒಂದು ಮಾಧ್ಯಮ ತಯಾರಿಸಿದರು. ಅದರಲ್ಲಿ ಉಳಿದವು ಸೊರಗುತ್ತವೆ, ಇದು ಕೆಲವು ದಿನಗಳಲ್ಲಿ ನೇರಳೆ ಬಣ್ಣದ ಸುಕ್ಕುಗಟ್ಟಿದ ಗುಂಪುಗಳಾಗಿ ಬೆಳೆಯುತ್ತದೆ. ಆದರೆ ಆ ಮಾಧ್ಯಮವನ್ನು ಬಳಸು ಎಂದು ಲ್ಯಾಬಿನವರಿಗೆ ಯಾರಾದರೂ ಹೇಳಬೇಕಲ್ಲ? ಚೀಟಿಯಲ್ಲಿ ‘ಜ್ವರ, ಕಲ್ಚರ್ ಮಾಡಿ’ ಎಂದಷ್ಟೇ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ‘ಶುಗರ್ ಇದೆ, ಕೃಷಿಕರು, ಮಳೆಗಾಲದಲ್ಲಿ ಶುರುವಾದ ಜ್ವರ, ಗುಲ್ಮದಲ್ಲಿ ಕೀವು, ಮೆಲಿಯಾಯ್ಡೋಸಿಸ್ ಇರಬಹುದೇ ನೋಡಿ’ ಎಂದು ಒಂದೇ ಸಾಲು ಬರೆದರೆ ಲ್ಯಾಬಿನ ಕೆಲಸವೇ ಬದಲಾಗುತ್ತದೆ. ಅವರಿಗೂ ಅದು ಸುರಕ್ಷಿತ. ಇಂಥ ತಟ್ಟೆಯನ್ನು ಮುಚ್ಚಳ ತೆಗೆದು ಮೂಸಿ ನೋಡುವ ಹಳೆಯ ಅಭ್ಯಾಸ ಅಪಾಯದ್ದು.

ಆ ಸಾಲು ಬರೆಯಬೇಕಾದರೆ ವೈದ್ಯರಿಗೆ ಗದ್ದೆಯ ವಿಚಾರ ಗೊತ್ತಿರಬೇಕು. ಹೊರರೋಗಿ ವಿಭಾಗದಲ್ಲಿ ‘ಕೆಲಸ ಏನು?’ ಎಂದು ಕೇಳುತ್ತೇವೆ, ‘ಕೃಷಿ’ ಎಂದು ಬರೆದುಕೊಳ್ಳುತ್ತೇವೆ, ಮುಗಿಯಿತು. ಅಲ್ಲಿಗೆ ನಿಲ್ಲಿಸಬಾರದು.

“ಈ ಸಲ ಗದ್ದೆಗೆ ಇಳಿದಿದ್ರಾ?”

“ಇಳಿಯದೆ ಮತ್ತೆ ಹೇಗೆ ಡಾಕ್ಟ್ರೇ? ಆಳು ಸಿಗಬೇಕಲ್ಲ.”

“ಕಾಲಲ್ಲಿ ಗಾಯ ಏನಾದ್ರೂ ಇತ್ತಾ?”

“ಸಣ್ಣದು. ತೋಡು ಬಿಡಿಸುವಾಗ ಆದದ್ದು. ಅದು ಆಗ್ಲೇ ಒಣಗಿಹೋಯ್ತು.”

ಶುಗರ್ ಇರುವವರಿಗೆ ಪಾದದ ಸ್ಪರ್ಶ ಮಂದವಾಗಿರುವುದರಿಂದ ಗಾಯ ಆದದ್ದೇ ಗೊತ್ತಾಗದೆ ಇರಬಹುದು. ಆಗ ಹೆಂಡತಿಯನ್ನೋ ಮಗನನ್ನೋ ಕೇಳಬೇಕು. ನೋಡಿ, ರೋಗಿಗೆ ಕೆಸರು ಗೊತ್ತು, ಗಾಯ ಗೊತ್ತು. ಶುಗರಿನ ಲೆಕ್ಕ ಇನ್ನೊಂದು ಕ್ಲಿನಿಕ್ಕಿನ ಪುಸ್ತಕದಲ್ಲಿದೆ. ಕೀವಿನ ಗೂಡು ಸ್ಕ್ಯಾನಿಂಗ್ ಮಾಡಿದವರಿಗೆ ಗೊತ್ತು. ತಟ್ಟೆಯ ಮೇಲಿನ ಚುಕ್ಕೆ ಲ್ಯಾಬಿನವರಿಗೆ ಗೊತ್ತು. ನಾವು ಜಟಿಲ ಎನ್ನುವ ಎಷ್ಟೋ ಕಾಯಿಲೆಗಳಲ್ಲಿ ಉತ್ತರ ಹೀಗೆ ನಾಲ್ಕು ಕಡೆ ಹಂಚಿಹೋಗಿರುತ್ತದೆ, ನಾಲ್ವರೂ ಒಬ್ಬರ ಜೊತೆ ಒಬ್ಬರು ಮಾತಾಡಿರುವುದಿಲ್ಲ. ಫೋನ್ ಎತ್ತಿ ಲ್ಯಾಬಿನವರ ಜೊತೆ ಎರಡು ನಿಮಿಷ ಮಾತಾಡುವ ವೈದ್ಯರ ಮೇಲೆ ನನಗೆ ಬಹಳ ನಂಬಿಕೆ.

ಇದು ಬರಿಯ ನಂಬಿಕೆಯ ಮಾತಲ್ಲ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದಲ್ಲಿ 1989ರಿಂದ ಪ್ರತಿಯೊಬ್ಬ ಮೆಲಿಯಾಯ್ಡೋಸಿಸ್ ರೋಗಿಯ ವಿವರವನ್ನೂ ಬರೆದಿಡುತ್ತಿದ್ದಾರೆ. ಮೂವತ್ತು ವರ್ಷಗಳಲ್ಲಿ 1,148 ಮಂದಿ. ಮೊದಲ ಐದು ವರ್ಷ ನೂರಕ್ಕೆ 31 ಮಂದಿ ಸಾಯುತ್ತಿದ್ದರು, ಕೊನೆಯ ಐದು ವರ್ಷಗಳಲ್ಲಿ ಅದು 6ಕ್ಕೆ ಇಳಿಯಿತು. ನಡುವೆ ಯಾವ ಪವಾಡದ ಔಷಧವೂ ಬರಲಿಲ್ಲ. ಬೇಗ ಸಂಶಯಪಟ್ಟರು, ಬೇಗ ಹಿಡಿದರು, ತೀವ್ರನಿಗಾ ಘಟಕ ಚೆನ್ನಾಗಿತ್ತು. ಅದೇ ಹೊತ್ತಿನಲ್ಲಿ ಥಾಯ್ಲೆಂಡಿನ ಈಶಾನ್ಯ ಭಾಗದ ಭತ್ತದ ಸೀಮೆಯಲ್ಲಿ ನೂರಕ್ಕೆ ಸುಮಾರು 40 ಮಂದಿ ಸಾಯುತ್ತಿದ್ದರು. ಬ್ಯಾಕ್ಟೀರಿಯಾ ಅದೇ, ಔಷಧವೂ ಅದೇ.

ಔಷಧದ ವಿಚಾರಕ್ಕೆ ಬರೋಣ. ದೊಡ್ಡ ತಿರುವು ಸಿಕ್ಕಿದ್ದು 1989ರಲ್ಲಿ. ಥಾಯ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ತೀವ್ರ ಕಾಯಿಲೆಯವರಿಗೆ ಸೆಫ್ಟಾಜಿಡಿಮ್ ಇಂಜೆಕ್ಷನ್ ಕೊಟ್ಟಾಗ ಸಾವು ನೂರಕ್ಕೆ 74ರಿಂದ 37ಕ್ಕೆ, ಅರ್ಧಕ್ಕೆ ಇಳಿಯಿತು. ಈಗ ಅದು ಅಥವಾ ಮೆರೊಪೆನೆಮ್. ನ್ಯುಮೋನಿಯಾಕ್ಕೆ ಎಲ್ಲೆಡೆ ಮೊದಲು ಕೊಡುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲದು. ಇಂಜೆಕ್ಷನ್ ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ. ಲಿವರ್, ಗುಲ್ಮಗಳಲ್ಲಿ ಕೀವಿದ್ದರೆ ನಾಲ್ಕು ವಾರ, ಮೂಳೆಗೋ ಮಿದುಳಿಗೋ ಹತ್ತಿದ್ದರೆ ಇನ್ನೂ ಹೆಚ್ಚು.

ಇಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಸರಿಯಾದ ಔಷಧ ಶುರುವಾದ ಮೇಲೂ ಜ್ವರ ಇಳಿಯಲು ಸಾಮಾನ್ಯವಾಗಿ ಒಂಬತ್ತು ಹತ್ತು ದಿನ ಬೇಕು. ಐದನೇ ದಿನ ಜ್ವರ ಇದ್ದರೆ ನೆಂಟರೊಬ್ಬರು ಬಂದು “ಇಲ್ಲಿ ಆಗುವುದಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗುವ” ಎನ್ನುತ್ತಾರೆ. ಬಿಲ್ ಏರುತ್ತಿರುವಾಗ ಅವರನ್ನು ದೂರುವುದು ಹೇಗೆ? ಇದನ್ನು ಮೊದಲ ದಿನವೇ ಹೇಳಿಡುವುದು ವೈದ್ಯರ ಕೆಲಸ. ಹೊಸ ಆಸ್ಪತ್ರೆಯಲ್ಲಿ ಔಷಧ ಬದಲಾದರೆ ಮೊದಲಿನಿಂದ ಶುರು.

ಜ್ವರ ಬಿಟ್ಟು ಮನೆಗೆ ಹೋದ ಮೇಲೆ ಚಿಕಿತ್ಸೆಯ ಎರಡನೇ ಅರ್ಧ: ಕೋ-ಟ್ರೈಮಾಕ್ಸಜೋಲ್ ಮಾತ್ರೆ, ಕನಿಷ್ಠ ಮೂರು ತಿಂಗಳು. ಅಗ್ಗದ, ಹಳೆಯ ಮಾತ್ರೆ. ಜೊತೆಗೆ ಡಾಕ್ಸಿಸೈಕ್ಲಿನ್ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ ಎಂದು 2014ರಲ್ಲಿ ಥಾಯ್ಲೆಂಡಿನ ಅಧ್ಯಯನವೇ ತೋರಿಸಿತು. ಆದರೆ ಇದು ಸುಲಭದ ಮಾತ್ರೆಯಲ್ಲ. ಮೈಮೇಲೆ ದದ್ದು ಏಳಬಹುದು, ವಾಕರಿಕೆ ಬರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಕಿಡ್ನಿಯ ಅಂಕಿ ಬದಲಾಗಬಹುದು. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸಬಾರದು. ಮೈ ಚೆನ್ನಾಗಿದೆ, ಹಸಿವೆ ಬಂದಿದೆ, ತೋಟದ ಕೆಲಸ ಶುರುವಾಗಿದೆ ಎಂದು ಒಂದೂವರೆ ತಿಂಗಳಿಗೆ ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಶುಗರ್ ಹತೋಟಿಗೆ ಬಾರದಿದ್ದರೆ ಉಳಿದದ್ದೆಲ್ಲ ಕಷ್ಟ.

ಇದಕ್ಕೆ ಲಸಿಕೆ ಇನ್ನೂ ಇಲ್ಲ. ಶುಗರ್ ಇರುವವರು ಕೆಸರಿಗೆ ಇಳಿಯುವಾಗ ಗಂಬೂಟು ಹಾಕಿ ಎಂದು ನಾವು ಹೇಳುತ್ತೇವೆ. ನಾಟಿಯ ಗದ್ದೆಯಲ್ಲಿ ಗಂಬೂಟು ಹೂತುಹೋಗುತ್ತದೆ ಎಂದು ನೀವು ಹೇಳುತ್ತೀರಿ, ಅದೂ ನಿಜ. ಕಾಲಲ್ಲಿ ಗಾಯ ಇರುವ ದಿನವಾದರೂ ಇಳಿಯಬೇಡಿ, ಇಳಿದರೆ ಸೋಪು ಹಾಕಿ ತೊಳೆದುಕೊಳ್ಳಿ. ಬಾವಿ ನೀರನ್ನು ಮಳೆಗಾಲದಲ್ಲಿ ಕುದಿಸಿ ಕುಡಿಯಿರಿ.

ಒಮ್ಮೆ ಈ ಕಾಯಿಲೆ ಬಂದು ಹೋದವರ ಮನೆಯಲ್ಲಿ ಆ ಕಲ್ಚರ್ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ವರ್ಷ ಎರಡು ವರ್ಷ ಕಳೆದು ಮತ್ತೆ ಜ್ವರ ಬಂದರೆ, ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ, ಮಾತ್ರೆ ಬರೆಯುವ ಮೊದಲು ಅದನ್ನು ಮೇಜಿನ ಮೇಲಿಡಿ. ಕಲ್ಚರಿಗೆ ರಕ್ತ ತೆಗೆದಾಯಿತೇ ಎಂದೂ ಕೇಳಿ. ಕೇಳಿದರೆ ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಪ್ರಶ್ನೆಗಳಿಗೆಂದು ಸಮಯ ಉಳಿಸಿದ್ದೇನೆ. ಗಂಬೂಟಿನ ಬಗ್ಗೆ ತಕರಾರು ಇರುವವರು ಮೊದಲು ಕೇಳಬಹುದು.