ಗುರುಗಳ ಮನೆ: ಶ್ರವಣಬೆಳಗೊಳದ ಜೈನಮಠದ ತೊಟ್ಟಿ ಮತ್ತು ಗೋಡೆಗಳು



 ಗುರುಲಿಂಗ ಜಂಗಮದೇವರ ಮಠವಿರುವ ಈ ಗಾವಡಗೆರೆಯವರಿಗೆ ಮಠವೆಂದರೇನೆಂದು ನಾನು ಹೇಳಬೇಕಿಲ್ಲ. ಆದರೆ ಮಠವನ್ನು ಒಂದು ಕಟ್ಟಡವಾಗಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಸ್ವಾಮಿಗಳಿಗೆ ಅಡ್ಡಬಿದ್ದು, ಪ್ರಸಾದ ಮುಗಿಸಿ ಹೊರಡುತ್ತೇವೆ. ಕಂಬ, ಗೋಡೆ, ತೊಟ್ಟಿಗಳ ಕಡೆ ಕಣ್ಣು ಹೋಗುವುದೇ ಇಲ್ಲ. ಇವತ್ತು ಶ್ರವಣಬೆಳಗೊಳದ ಜೈನಮಠವನ್ನು ಹಾಗೆ ನೋಡೋಣ.

ನಮ್ಮ ಸೀಮೆಗೂ ಬೆಳಗೊಳಕ್ಕೂ ಹಳೆಯ ನಂಟು. ಬಿಳಿಕೆರೆಯ ಹತ್ತಿರ ಗೊಮ್ಮಟಗಿರಿಯಿದೆ. ಕೆ.ಆರ್. ನಗರದ ಕಡೆಯ ಚಿಕ್ಕಹನಸೋಗೆ ದೇಶೀಗಣವೆಂಬ ಜೈನ ಮುನಿಪರಂಪರೆಯ ದೊಡ್ಡ ನೆಲೆಯಾಗಿತ್ತು. ಅಲ್ಲಿನ ಬಸದಿಗೆ ಚೆಂಗಾಳ್ವ ಅರಸರ ಆಸರೆಯಿತ್ತು. ಬೆಳಗೊಳದ ಪೀಠವೂ ಅದೇ ದೇಶೀಗಣದ್ದು. ಅಲ್ಲಿ ಪೀಠವೇರಿದವರೆಲ್ಲರಿಗೂ ಚಾರುಕೀರ್ತಿ ಎಂಬುದೇ ಹೆಸರು. ಭಟ್ಟಾರಕರೆನಿಸಿದ ಈ ಪೀಠದ ಗುರುಗಳು ದಿಗಂಬರ ಮುನಿಗಳಂತೆ ಊರೂರು ನಡೆಯುವವರಲ್ಲ. ವಸ್ತ್ರ ಧರಿಸಿ ಒಂದೆಡೆ ನೆಲೆಸಿ, ಬಸದಿ, ಜಮೀನು, ಓಲೆಗರಿಗಳನ್ನು ನೋಡಿಕೊಳ್ಳಬೇಕಾದವರು. ಆ ಹೊಣೆ ಹಗುರವಲ್ಲ. ಅಡವು ಬಿದ್ದಿದ್ದ ದೇವಸ್ಥಾನದ ಭೂಮಿಯನ್ನು 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಬಿಡಿಸಿಕೊಟ್ಟದ್ದು ಶಾಸನದಲ್ಲೇ ಇದೆ.

ಇಂಥ ಗುರುವಿಗೆ ಎಂಥ ಮನೆ ಬೇಕು? ಬೆಳಗೊಳದವರು ಕಟ್ಟಿದ್ದು ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಒಳಗೆ ಒಂದರ ಪಕ್ಕ ಒಂದರಂತೆ ಮೂರು ಗರ್ಭಗುಡಿ, ಅವುಗಳ ಮುಂದೆ ಅಂದವಾಗಿ ಕೆತ್ತಿದ ಕಂಬಗಳ ಮಂಟಪ. ಗುಡಿಗಳಲ್ಲಿ ಲೋಹದ ಬಿಂಬಗಳ ಸಾಲೇ ಇದೆ. ಅವುಗಳಲ್ಲಿ ಹಲವು 19ನೇ ಶತಮಾನದಲ್ಲಿ ತಮಿಳುನಾಡಿನ ಜೈನರು ಮಾಡಿಸಿಕೊಟ್ಟವು; ಪೀಠದ ಮೇಲೆ ಗ್ರಂಥಲಿಪಿಯ ಬರಹ ಕಾಣುತ್ತದೆ. ದೇವರೂ ಗುರುವೂ ಒಂದೇ ಸೂರಿನಡಿ ಇರುವ ಮನೆಯಿದು.

ಈಗ ಗೋಡೆಗಳಿಗೆ ಬನ್ನಿ. ನಡುವಿನ ಗುಡಿಯ ಬಲಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು. ಎಡಕ್ಕಿರುವ ಚಿತ್ರದಲ್ಲಿ ಮೂರು ಸಾಲು: ಮೇಲೆ ಪಂಚಪರಮೇಷ್ಠಿಗಳು, ನಡುವೆ ಯಕ್ಷ ಯಕ್ಷಿಯರೊಡನೆ ನೇಮಿನಾಥ, ಎಲ್ಲಕ್ಕಿಂತ ಕೆಳಗೆ ಶಿಷ್ಯರಿಗೆ ಧರ್ಮ ಹೇಳುತ್ತಿರುವ ಇದೇ ಮಠದ ಸ್ವಾಮಿಗಳು. ರಾಜರಿಗೆ ಒಂದು ಇಡೀ ಚಿತ್ರ. ಮನೆಯ ಯಜಮಾನರಿಗೆ ಕೆಳಗಿನ ಸಾಲು, ಅದೂ ಪಾಠ ಹೇಳುವ ಕೆಲಸದಲ್ಲಿ.

ಜರ್ಮನಿಯ ವುರ್ಟ್ಸ್‌ಬುರ್ಗ್‌ನ ಬಿಷಪ್ಪರ ಅರಮನೆಯೂ ಧರ್ಮಗುರುವಿನ ಮನೆಯೇ, ಆದರೆ ಇದಕ್ಕೆ ತೀರ ಬೇರೆ. ಅಲ್ಲಿನ ಮಹಡಿ ಮೆಟ್ಟಿಲಿನ ಮೇಲಣ ಛಾವಣಿಯಲ್ಲಿ ಚಿತ್ರಕಾರ ಟಿಯೆಪೊಲೊ 1752–53ರಲ್ಲಿ ನಾಲ್ಕು ಖಂಡಗಳನ್ನೂ ಬರೆದು, ಅರಮನೆಯ ಒಡೆಯನಾದ ಬಿಷಪ್ಪನ ಮುಖವನ್ನು ಯುರೋಪ್ ಖಂಡದ ಮೇಲೆ ಆಕಾಶದಲ್ಲಿ ತೇಲಿಸಿದ. ಅದು ಮಹಾ ಕಲಾವಿದನ ಕೆಲಸ, ಅನುಮಾನವಿಲ್ಲ. ಆದರೂ ಗುರು ತನ್ನ ಮನೆಯಲ್ಲಿ ತನ್ನನ್ನು ಎಲ್ಲಿ ಬರೆಸಿಕೊಳ್ಳಬೇಕೆಂಬ ಪ್ರಶ್ನೆಗೆ ಬೆಳಗೊಳ ಕೊಟ್ಟ ಉತ್ತರ ನನಗೆ ದೊಡ್ಡದಾಗಿ ಕಾಣುತ್ತದೆ.

ಪಾರ್ಶ್ವನಾಥರ ಸಮವಸರಣ, ಭರತ ಚಕ್ರವರ್ತಿಯ ಕಥೆ, ನಾಗಕುಮಾರನ ಚರಿತೆಗಳೂ ಬೆಳಗೊಳದ ಮಠದ ಗೋಡೆಗಳ ಮೇಲಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಷಡ್ಲೇಶ್ಯೆಯ ಮರ. ಹಸಿದ ಆರು ಜನಕ್ಕೆ ಒಂದೇ ಹಣ್ಣಿನ ಮರ. ಒಬ್ಬನಿಗೆ ಬುಡವನ್ನೇ ಕಡಿಯುವ ಆಸೆ, ಇನ್ನೊಬ್ಬನಿಗೆ ದೊಡ್ಡ ಕೊಂಬೆ, ಮತ್ತೊಬ್ಬನಿಗೆ ರೆಂಬೆ, ಮಗದೊಬ್ಬನಿಗೆ ಗೊಂಚಲು. ಐದನೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಆರನೆಯವನು ನೆಲಕ್ಕೆ ಬಿದ್ದದ್ದನ್ನು ಆಯ್ದುಕೊಳ್ಳುತ್ತಾನೆ. ಲೇಶ್ಯೆ ಎಂದರೆ ಮನಸ್ಸಿನ ಬಣ್ಣ; ಅದು ಕಪ್ಪಿನಿಂದ ನೀಲಿ, ಬೂದು, ಹಳದಿ, ಪದ್ಮವರ್ಣಗಳನ್ನು ದಾಟಿ ಬಿಳಿಗೆ ಬರುವ ದಾರಿಯಿದು. ಓದು ಬಾರದವರಿಗೂ ಮಕ್ಕಳಿಗೂ ತಿಳಿಯುವ ಪಾಠ.

ಇಂಥ ಚಿತ್ರಗಳಿಗೆ ತೊಟ್ಟಿಯ ಬೆಳಕೇ ಬೆಳಕು. ಈಚೆಗೆ ನಮ್ಮ ಕಡೆಯ ಹಳೆಯ ಮನೆ, ಮಠಗಳಲ್ಲಿ ತೊಟ್ಟಿಗೆ ಶೀಟು ಹೊದಿಸುತ್ತಾರೆ, ಗಾರೆ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ಬೆಳಕು ಹೋಗುತ್ತದೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಉದುರುತ್ತದೆ. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಅಂಕಣಗಳ ಅಳತೆ ಹಿಡಿದು ನಕ್ಷೆ ಬರೆಸಿ, ಕಂಬಗಳ ಫೋಟೋ ತೆಗೆಸಿ. ಸುಣ್ಣ ಕೆರೆಯುವ ಮೊದಲು ಅದರ ಅಡಿಯಲ್ಲಿ ಬಣ್ಣವಿದೆಯೇ ಎಂದು ತಿಳಿದವರಿಂದ ನೋಡಿಸಿ. ಹುಣಸೂರು, ಪಿರಿಯಾಪಟ್ಟಣದ ಕಾಲೇಜು ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಶುರುಮಾಡಬಹುದಾದ ಕೆಲಸವಿದು. ಈ ಊರಿನಿಂದಲೇ ಮೊದಲಾಗಲಿ ಎಂದು ಕೇಳಿಕೊಳ್ಳುತ್ತೇನೆ.