ಮರಳುಪಟ್ಟಿಯ ಮೇಲಿನ ಮಹಾನಗರ



ನಮ್ಮ ಘಟ್ಟದಲ್ಲಿ ಹುಟ್ಟುವ ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನ ಅಳಿವೆಯಲ್ಲಿ ಕೂಡಿ ಕಡಲನ್ನು ಸೇರುತ್ತವೆ. ಗುರುಪುರ ನದಿಗೂ ಕಡಲಿಗೂ ನಡುವಣ ಕಿರಿದಾದ ಮರಳುಪಟ್ಟಿಯೇ ಬೆಂಗ್ರೆ. ಆಡಳಿತದ ಲೆಕ್ಕದಲ್ಲಿ ಈ ಮೀನುಗಾರರ ನೆಲೆ ಮಹಾನಗರದ ಭಾಗ. ಎದುರಿನ ಬಂದರಿಗೆ ಹೋಗಲು ಮಾತ್ರ ದೋಣಿಯೇ ಹತ್ತಿರದ ದಾರಿ.

ಮಣ್ಣು-ನೀರುಗಳ ಅಭ್ಯಾಸಿಯಾದ ನನಗೆ ಬಡತನವು ಮೊದಲು ಕಾಣುವುದು ಬಾವಿಯಲ್ಲಿ. ಇಂತಹ ಮರಳಿನಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಂತಿರುತ್ತದೆ. ಮನೆಗಳು ಒತ್ತೊತ್ತಾಗಿ, ನೀರೆತ್ತುವುದು ಹೆಚ್ಚಿದಂತೆ ಉಪ್ಪು ಮೇಲೇರುತ್ತದೆ. ಶೌಚದ ಗುಂಡಿಯ ಮಾಲಿನ್ಯವನ್ನು ಹಿಡಿದಿಡುವ ಜೇಡಿಯೂ ಮರಳಿನಲ್ಲಿಲ್ಲ.

ದುಡಿಮೆಯಾದರೂ ವರ್ಷವಿಡೀ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿಗೆ ಇದು ಅಗತ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬೆಲೆ ತೆರುವವರು ಪಾಲಿನ ಮೇಲೆ ದುಡಿಯುವ ಕಲಾಸಿಗಳು, ಬುಟ್ಟಿ ಹೊತ್ತು ಮಾರುವ ಹೆಂಗಸರು. ಉಳಿತಾಯ-ಪರಿಹಾರ ಯೋಜನೆಯಲ್ಲಿ ಮೀನುಗಾರ ಉಳಿಸಿದ ಹಣಕ್ಕೆ ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ. ಅಷ್ಟರಲ್ಲಿ ಒಂದು ಸಂಸಾರ ಮಳೆಗಾಲವನ್ನು ದಾಟಬೇಕು! ಸಹಕಾರಿ ಸಂಘದ ಸದಸ್ಯರಲ್ಲದವರಿಗೆ ಅದೂ ಇಲ್ಲ.

ನೇತ್ರಾವತಿಯ ತಲೆಹೊಳೆಗಳಲ್ಲೊಂದಾದ ಎತ್ತಿನಹೊಳೆಯಿಂದ 2024ರಲ್ಲಿ ನೀರೆತ್ತುವುದು ಆರಂಭವಾಯಿತು. ಅದರ ಚರ್ಚೆಯಲ್ಲಿ ಆನೆ, ಕಾಡು, ಅಡಿಕೆ ಎಲ್ಲವೂ ಬಂದವು. ಅಳಿವೆಯ ಉಪ್ಪು-ಸಿಹಿಯ ಹದವನ್ನು ನಂಬಿದ ಮೀನು, ಆ ಮೀನನ್ನು ನಂಬಿದವರು ಬಂದದ್ದು ಕಡಿಮೆ. ಮುಂದಿನ ಮನವಿಯನ್ನು ಬೆಂಗ್ರೆಯಲ್ಲಿಯೇ ಕುಳಿತು, ಅಲ್ಲಿಯ ಹೆಂಗಸರನ್ನು ಕೇಳಿ ಬರೆಯೋಣವೆಂದು ಸೂಚಿಸುತ್ತೇನೆ. ಮೇ ತಿಂಗಳಲ್ಲಿ ಹೋದರೆ ಒಳಿತು. ಬಾವಿಯ ನೀರನ್ನೂ ಕುಡಿದು ನೋಡಬಹುದು.